ಮೂರು ಜಲ್ಲೆಯ ಹೊತ್ತು

ಹಸನಬ್ಬ ಕಾಕನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳಬೇಕಾಗಿದ್ದ ದಿನ ನಾನು ಕೈಮುಗಿದು ನಿಂತುಬಿಟ್ಟೆ, ಅದಕ್ಕೆ.

ಕಾಕ ನೇತ್ರಾವತಿಯ ದಂಡೆಯವರು. ಜೆಪ್ಪುವಿನಿಂದ ಹೊಳೆಯ ಕಡೆಗೆ ಇಳಿದರೆ ಕೊನೆಯ ಮನೆ ಅವರದ್ದು. ಅರವತ್ತೆಂಟು ವರ್ಷ. ಅವರ ಅಪ್ಪ ಜನರನ್ನು ದೋಣಿಯಲ್ಲಿ ಹೊಳೆ ದಾಟಿಸುತ್ತಿದ್ದರು. ಇವರು ಮೀನು ಹಿಡಿದರು, ಇಳಿತದ ಹೊತ್ತಿನಲ್ಲಿ ಸೊಂಟಮಟ್ಟ ನೀರಲ್ಲಿ ನಿಂತು ಮರುವಾಯಿ ಚಿಪ್ಪು ಹೆಕ್ಕಿದರು. ತಮ್ಮ ಶಾಹುಲ್ ತೊಕ್ಕೊಟ್ಟಿನಲ್ಲಿ ಬಟ್ಟೆ ಅಂಗಡಿ ಇಟ್ಟು ಮೇಲೆ ಬಂದರೆ, ಇವರು ದುಡಿಯಲು ಕೊಲ್ಲಿ ದೇಶದ ದಮ್ಮಾಮಿಗೆ ಹೋಗಿ ಹನ್ನೊಂದೇ ತಿಂಗಳಲ್ಲಿ ತಿರುಗಿ ಬಂದರು. ಯಾಕೆ ಎಂದು ಕೇಳಿದರೆ, "ಅಲ್ಲಿ ಹೊಳೆ ಇಲ್ಲ ಮಾರಾಯ್ರೆ" ಅನ್ನುತ್ತಾರೆ. ಈ ಮಾತು ಬಂದಾಗಲೆಲ್ಲ ಅವರ ಹೆಂಡತಿ ಸುಹರಾ ಒಳಗಿನಿಂದ, "ಹೊಳೆಯನ್ನೇ ಮದುವೆ ಆಗ್ಬಹುದಿತ್ತು" ಎಂದು ಕೂಗುತ್ತಾರೆ.

ನಾನು ಮೋಹನದಾಸ. ಜೆಪ್ಪುವಿನಲ್ಲಿ ಅಪ್ಪ ಕಟ್ಟಿದ ಹೋಟೆಲನ್ನು ನಡೆಸುವವನು. ಭಾನುವಾರ ಕ್ಯಾಮೆರಾ ಹೆಗಲಿಗೇರಿಸಿ ಹೊಳೆಗೆ ಹೋಗುವುದು, ಉಳಿದ ದಿನಗಳಲ್ಲಿ ಯಾವುದಾದರೂ ಶಾಲೆ ಕರೆದರೆ ಹಕ್ಕಿಗಳನ್ನು ಉಳಿಸಿ ಎಂದು ಭಾಷಣ ಬಿಗಿಯುವುದು ನನ್ನ ಅಭ್ಯಾಸ. ಆರು ವರ್ಷದಿಂದ ಕಾಕನ ದೋಣಿಯೇ ನನ್ನ ದೋಣಿ. ಯಂತ್ರ ಇಲ್ಲದ, ಉದ್ದನೆಯ ಬಿದಿರಿನ ಜಲ್ಲೆ ಊರಿ ತಳ್ಳುವ ಹಳೆಯ ದೋಣಿ ಅದು.

ಕಾಕನಿಗೆ ಹಕ್ಕಿಗಳ ಪುಸ್ತಕದ ಹೆಸರು ಗೊತ್ತಿಲ್ಲ. ಟಿಟ್ಟಿಭಕ್ಕೆ ಅವರು ಇಟ್ಟ ಹೆಸರು ಗೌಜಿ ಹಕ್ಕಿ. ಯಾರನ್ನು ಕಂಡರೂ ಗಲಾಟೆ ಎಬ್ಬಿಸುತ್ತದಲ್ಲ, ಹಾಗಾಗಿ. ನಾನು ತಿದ್ದಲು ಹೋದರೆ, "ನಿಮ್ಮ ಹೆಸರು ಕರೆದರೆ ಅದು ಬರ್ತದಾ?" ಎಂದು ನಗುತ್ತಿದ್ದರು. ಆದರೆ ಒಂದು ವಿಷಯದಲ್ಲಿ ಮಾತ್ರ ಅವರು ನಗುತ್ತಿರಲಿಲ್ಲ. ಹೊಳೆಯ ನಡುವಿನ ಕುದುರುಗಳಲ್ಲಿ, ಅಂದರೆ ಮರಳಿನ ದಿಬ್ಬಗಳಲ್ಲಿ, ಹಕ್ಕಿ ಮೊಟ್ಟೆ ಇಟ್ಟಿದ್ದರೆ ಅಲ್ಲಿ ದೋಣಿ ನಿಲ್ಲಿಸುವಂತಿಲ್ಲ. ಮೂರು ಸಲ ಜಲ್ಲೆ ಊರಿ ತಳ್ಳುವಷ್ಟು ಹೊತ್ತು ನೋಡಬೇಕು, ದಾಟಿ ಹೋಗಬೇಕು. ಅವರ ಅಪ್ಪ ಕಲಿಸಿದ್ದಂತೆ. ಆರು ವರ್ಷ ನಾನೂ ಅದನ್ನು ಪಾಲಿಸಿದೆ, ಬೇರೆಯವರ ಮುಂದೆ ಹೊಗಳಿದೆ ಕೂಡ.

ಕಳೆದ ವರ್ಷ ಏಪ್ರಿಲಿನ ಒಂದು ಭಾನುವಾರ. ಕಾಕ ಬಹಳ ಹುರುಪಿನಲ್ಲಿದ್ದರು.

"ಮೋಹನಣ್ಣ, ಒಂದು ಗೌಜಿ ಹಕ್ಕಿ ನಾಲ್ಕು ಮೊಟ್ಟೆ ಇಟ್ಟಿದೆ. ಪೆರ್ನಾಳ್ ಹಬ್ಬದ ಮರುದಿನವೇ ನಾನು ನೋಡಿದ್ದು. ಇನ್ನೊಂದು ಎಂಟು ದಿನ, ಮರಿ ಹೊರಗೆ ಬರ್ತದೆ."

ದಿನ ಎಣಿಸುತ್ತಿದ್ದರು ಪುಣ್ಯಾತ್ಮ. ಮನೆಯಲ್ಲಿ ಯಾರಿಗೋ ಹೆರಿಗೆ ಇದ್ದ ಹಾಗೆ.

ಕುದುರಿನ ಹತ್ತಿರ ಬಂದಾಗ ಹನ್ನೊಂದೂವರೆ. ಮರಳು ಕಾದು ಕಣ್ಣು ಕುಕ್ಕುತ್ತಿತ್ತು. ತಾಯಿ ಹಕ್ಕಿ ಮೊಟ್ಟೆಗಳ ಮೇಲಿತ್ತು. ನಮ್ಮನ್ನು ಕಂಡು ಎದ್ದು, ಅರಚುತ್ತಾ ದೂರ ಓಡಿತು. ಒಂದು ಜಲ್ಲೆ, ಎರಡು ಜಲ್ಲೆ. ನಾನು ಕೈ ಎತ್ತಿ, "ನಿಲ್ಲಿಸಿ ಕಾಕ" ಅಂದೆ.

"ನಿಲ್ಲಿಸ್ಲಿಕ್ಕಿಲ್ಲ ಮೋಹನಣ್ಣ."

"ಐದು ನಿಮಿಷ. ಬೆಳಕು ಚೆನ್ನಾಗುಂಟು."

ಅವರು ಜಲ್ಲೆಯನ್ನು ಮರಳಿಗೆ ಊರಿ ನಿಲ್ಲಿಸಿದರು. ಐದು ಹತ್ತಾಯಿತು. ಗಂಡು ಹಕ್ಕಿ ನಮ್ಮ ತಲೆಯ ಮೇಲೆಯೇ ಎರಗಿ ಎರಗಿ ಬಂತು. ರೆಕ್ಕೆ ಬಿಚ್ಚಿದ ಒಳ್ಳೊಳ್ಳೆಯ ಚಿತ್ರ ಸಿಗುತ್ತಿವೆ ಎಂದು ನಾನು ಖುಷಿಪಟ್ಟೆ. ನಿಜವಾಗಿಯೂ ಖುಷಿಪಟ್ಟೆ, ಈಗ ನೆನೆದರೆ ಮೈ ಉರಿಯುತ್ತದೆ. "ಸಾಕು, ಹೋಗುವ" ಎಂದು ಕಾಕ ಮತ್ತೆ ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಹೇಳಿ ಜಲ್ಲೆಗೆ ಕೈ ಹಾಕಿದರು. ದೋಣಿ ಅಲ್ಲಾಡಿ ನನ್ನ ಚಿತ್ರ ಕೆಟ್ಟಿತು.

"ಇಪ್ಪತ್ತು ವರ್ಷದಿಂದ ಹಕ್ಕಿಗಳ ಬಗ್ಗೆ ಓದ್ತಿದ್ದೇನೆ ನಾನು. ನೀವು ನನಗೆ ಹೇಳಿಕೊಡ್ಬೇಡಿ. ಸುಮ್ಮನೆ ದೋಣಿ ಹಿಡ್ಕೊಳ್ಳಿ" ಎಂದು ಗದರಿದೆ.

ನನಗಿಂತ ಹತ್ತು ವರ್ಷ ದೊಡ್ಡವರಿಗೆ, ಅವರದೇ ದೋಣಿಯಲ್ಲಿ ಕೂತು ಹಾಗೆ ಹೇಳಿದೆ. ಕಾಕ ಕುದುರಿಗೆ ಬೆನ್ನು ಹಾಕಿ ಕುಳಿತರು. ಮುನಿಸಿಕೊಂಡರು, ಸಂಜೆ ಸರಿಯಾಗುತ್ತಾರೆ ಎಂದುಕೊಂಡೆ.

ಆಗ ತಾಯಿ ಹಕ್ಕಿ ಆಚೆ ಬದಿಯ ನೀರಿಗಿಳಿದು, ಮತ್ತೆ ಹಾರಿ ಬಂದು ಮೊಟ್ಟೆಗಳಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿತು. ಕೊಕ್ಕು ತೆರೆದಿತ್ತು. ಹೊಟ್ಟೆಯ ಗರಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಹನಿ ಬೀಳುವ ಕ್ಷಣವೇ ನನಗೆ ಸಿಕ್ಕಿತು. ಹಕ್ಕಿ ಮುಂದೆ ಬರಲಿಲ್ಲ. ಗರಿ ಒಣಗಿತು, ಅದು ಮತ್ತೆ ನೀರಿಗೆ ಹೋಯಿತು, ಮತ್ತೆ ಬಂದು ಅಲ್ಲೇ ನಿಂತಿತು. ಹೀಗೆ ನಾಲ್ಕು ಸಲ. ನಾವು ಅಲ್ಲಿಂದ ಹೊರಟಾಗ ಐವತ್ತು ನಿಮಿಷ ಆಗಿತ್ತು.

ಮುಂದಿನ ಭಾನುವಾರ ಹೋಟೆಲಿನಲ್ಲಿ ಮದುವೆಯ ಊಟದ ಗಡಿಬಿಡಿ ಇತ್ತು. ಅದರ ಮುಂದಿನ ಭಾನುವಾರ ಹೋದೆ. ಕಾಕ ದೋಣಿ ತಳ್ಳಿದರು. ಕುದುರು ಬಹಳ ದೂರ ಇರುವಾಗಲೇ ನಿಲ್ಲಿಸಿ, "ಇಲ್ಲಿಂದ ನೋಡಿ" ಅಂದರು. ಹಕ್ಕಿ ಗೂಡಿನ ಮೇಲೆ ಕೂತಿತ್ತು.

"ಮರಿ ಎಲ್ಲಿ ಕಾಕ?"

"ಮರಿ ಇಲ್ಲ. ಬಂದು ಆರು ದಿನ ಆಗ್ಬೇಕಿತ್ತು. ನಾಲ್ಕೂ ಮೊಟ್ಟೆ ಹಾಗೇ ಉಂಟು."

ಹಕ್ಕಿ ಎದ್ದು ನೀರಿಗಿಳಿದು ಹೊಟ್ಟೆ ನೆನೆಸಿಕೊಂಡಿತು. ಓಡಿ ಬಂದು ಮತ್ತೆ ಮೊಟ್ಟೆಗಳ ಮೇಲೆ ಕೂತಿತು.

"ನೀರು ತರ್ತದೆ" ಅಂದರು ಕಾಕ. "ಮೊಟ್ಟೆ ತಂಪು ಮಾಡ್ಲಿಕ್ಕೆ. ಬಿಸಿಲು ಹೊತ್ತಿಗೆ ಅದಕ್ಕೆ ಇದೇ ಕೆಲಸ. ಆ ದಿನ ನಾವು ಬಿಡಲಿಲ್ಲ."

ನಾವು ಅಂದರು, ನೀವು ಅನ್ನಲಿಲ್ಲ.

ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಟಿಟ್ಟಿಭ ಹೊಟ್ಟೆ ನೆನೆಸಿ ಮೊಟ್ಟೆ ತಂಪು ಮಾಡುವುದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಮಕ್ಕಳಿಗೆ ಹೇಳಿಯೂ ಇದ್ದೆ. ಕಣ್ಣೆದುರು ನಡೆದಾಗ ಮಾತ್ರ ನನಗೆ ಕಂಡದ್ದು ಬೆಳಕು, ಹನಿ. ಆ ದಿನ ದೋಣಿಯಲ್ಲಿ ಕಾಕನ ಮುಖ ನೋಡಲಾಗದೆ ಕ್ಯಾಮೆರಾದ ಮುಚ್ಚಳವನ್ನು ತೆಗೆಯುತ್ತಾ ಹಾಕುತ್ತಾ ಕುಳಿತಿದ್ದೆ.

ಇಷ್ಟಕ್ಕೇ ನಿಂತಿದ್ದರೆ ತಪ್ಪು ಅನ್ನಬಹುದಿತ್ತು. ಆ ಚಿತ್ರವನ್ನು ನಾನು ಒಂದು ಪ್ರದರ್ಶನಕ್ಕೆ ಕಳಿಸಿದ್ದೆ. ಮೊಟ್ಟೆ ಸತ್ತದ್ದು ಗೊತ್ತಾದ ಮೇಲೂ ವಾಪಸ್ ತೆಗೆದುಕೊಳ್ಳಲಿಲ್ಲ. ನವೆಂಬರಿನಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ಕೆಳಗೆ 'ತಾಯಿ' ಎಂದು ನಾನೇ ಹೆಸರು ಕೊಟ್ಟಿದ್ದೆ. ದೋಣಿಯವರನ್ನು ಮರೆಯದ ದೊಡ್ಡ ಮನುಷ್ಯ ಅನ್ನಿಸಿಕೊಳ್ಳುವ ಆಸೆಯಿಂದ ಬಹುಮಾನ ಕೊಡುವ ಸಭೆಗೆ ಕಾಕನನ್ನೂ ಕರೆದುಕೊಂಡು ಹೋದೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದಿದ್ದರು.

ಕಾರ್ಯಕ್ರಮ ನಡೆಸುತ್ತಿದ್ದ ಮನ್ವಿತಾ ಎಂಬ ಹುಡುಗಿ ಕಾಕನ ಕೈಗೆ ಮೈಕ್ ಕೊಟ್ಟು, "ಈ ಫೋಟೋ ಹೇಗೆ ಸಿಕ್ಕಿತು, ನೀವೇ ಹೇಳಿ" ಅಂದಳು. ಕಾಕ ಒಮ್ಮೆ ನನ್ನ ಕಡೆ ನೋಡಿದರು.

"ಮೋಹನಣ್ಣ ಐವತ್ತು ನಿಮಿಷ ಅಲ್ಲಾಡದೆ ಕಾದು ಕೂತಿದ್ರು" ಅಂದರು, ಮೈಕ್ ವಾಪಸ್ ಕೊಟ್ಟರು.

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಅವರು ನನ್ನ ಮಾನ ಕಾಪಾಡಿದ್ದರು, ಒಂದು ಸುಳ್ಳನ್ನೂ ಹೇಳದೆ. ಆಗ ನಾನು ಮಾತಾಡಬೇಕಿತ್ತು. ಮೈಕ್ ಎರಡು ಮಾರು ದೂರದಲ್ಲಿತ್ತು. ಜನರತ್ತ ಕೈಮುಗಿದೆ, ಅಷ್ಟೇ.

ಜನ ಕರಗಿದ ಮೇಲೆ ಕಾಕ ಚಿತ್ರದ ಮುಂದೆ ನಿಂತಿದ್ದರು. ಕನ್ನಡಕ ಹಣೆಗೇರಿಸಿ ಹತ್ತಿರ ಹೋಗಿ, ಹೊಟ್ಟೆಯ ಗರಿಯಿಂದ ಬೀಳುತ್ತಿರುವ ಆ ಹನಿಯನ್ನು ನೋಡಿದರು. ನಾನು ಪಕ್ಕಕ್ಕೆ ಹೋಗಿ, "ಕ್ಷಮಿಸಿ ಕಾಕ" ಅಂದೆ. ಏಳು ತಿಂಗಳು ತಡವಾಗಿ.

ಅವರು ನನ್ನತ್ತ ತಿರುಗಲಿಲ್ಲ.

"ಇದರಲ್ಲಿ ಹಕ್ಕಿ ಇನ್ನೂ ನೀರು ಹಿಡ್ಕೊಂಡೇ ನಿಂತಿದೆ ಅಲ್ವಾ, ಮೋಹನಣ್ಣ?" ಎಂದರು. "ನಾವು ಹೋಗ್ಲಿ ಅಂತ."