ಪ್ರೇಮಾನಂದ ತಾಂಡೇಲನ ಸಿಹಿನೀರು

ತಲ್ಲೂರಿನ ಹೆದ್ದಾರಿ ಬದಿಯಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿರುವ ಪ್ರೇಮಾನಂದನಿಗೆ ಮೀನಿನ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಿದರೆ ಮೈ ಉರಿಯುತ್ತದೆ. ಉರಿಯದೆ ಇನ್ನೇನು? ತಾಂಡೇಲನಾಗಿ, ಎಂದರೆ ಬೋಟು ನಡೆಸುವ ಯಜಮಾನನಾಗಿ, ಅರ್ಧ ಆಯುಷ್ಯ ಕಡಲಿನಲ್ಲೇ ಕಳೆದವನು. ಎದೆನೋವು ಬಂದು ಡಾಕ್ಟರು ಬೋಟು ಬೇಡವೆಂದ ಮೇಲೆ ಗಾಜಿನ ಪೆಟ್ಟಿಗೆಗಳ ನಡುವೆ ಕುಳಿತಿದ್ದಾನೆ. ಬಣ್ಣದ ಮೀನು ಕಳಿಸುವ ಸಗಟು ವ್ಯಾಪಾರಿ ಒಮ್ಮೆ ಫೋನಿನಲ್ಲಿ, "ಟೈಗರ್ ಬಾರ್ಬನ್ನು ಉದ್ದ ರೆಕ್ಕೆಯ ಮೀನಿನ ಜೊತೆ ಬಿಡಬೇಡಿ" ಎಂದಿದ್ದ. ಪ್ರೇಮಾನಂದ ನಕ್ಕು ಫೋನಿಟ್ಟ. ಮೀನಿನ ಮರಿಗೆ ಈಜು ಕಲಿಸಲು ಇವನೊಬ್ಬ ಬಾಕಿ ಇದ್ದ!

ಅವನದು ಒಂದೇ ಲೆಕ್ಕ, ಕಡಲಿನ ಲೆಕ್ಕ: ಬಾಯಿ ನೋಡು. ಒಂದರ ಬಾಯಿಗೆ ಇನ್ನೊಂದು ಹಿಡಿಸದಿದ್ದರೆ ಎರಡೂ ಒಂದೇ ನೀರಿನಲ್ಲಿ ಬಾಳುತ್ತವೆ. ಗಿರಾಕಿಗಳಿಗೂ ಅದನ್ನೇ ಹೇಳುತ್ತಿದ್ದ. ಟೈಗರ್ ಬಾರ್ಬ್ ಎಂಬುದು ಹೆಬ್ಬೆರಳಿನ ಗಾತ್ರದ, ಹಳದಿ ಮೈಗೆ ಕಪ್ಪು ಪಟ್ಟೆಯ ಮೀನು; ಬಾಯಿ ಎಷ್ಟೆಂದರೆ ಸಾಸಿವೆ ಕಾಳಿನಷ್ಟು. ಅದು ಅಂಗೈಯಗಲದ, ಉದ್ದ ರೆಕ್ಕೆಯ ಏಂಜೆಲ್ ಮೀನಿಗೆ ಏನು ಮಾಡೀತು? ಹಾಗೆಂದುಕೊಂಡೇ ಒಂದಿಷ್ಟು ಟೈಗರ್‌ಗಳನ್ನು ಬೀಜಾಡಿಗೆ ಒಯ್ದು ಮಂಜನ ಮನೆಯ ತೊಟ್ಟಿಗೆ ಬಿಟ್ಟು ಬಂದಿದ್ದ.

ಮಂಜ ಅವನ ಬೋಟಿನ ಕಣ್ಣು. ಮುಂತುದಿಯಲ್ಲಿ ನಿಂತು, ನೀರಿನ ಬಣ್ಣ ನೋಡಿ, ಬಂಗುಡೆಯ ಹಿಂಡು ಎತ್ತ ತಿರುಗಿತೆಂದು ಹೇಳುವವನು. ಹೇಳುವುದು ಬಾಯಲ್ಲಲ್ಲ, ಕೈಯಲ್ಲಿ. ಎಂಜಿನ್ನಿನ ಗದ್ದಲದಲ್ಲಿ ಬಾಯಿಮಾತು ಯಾರಿಗೆ ಕೇಳಬೇಕು? ಆ ಕೈ ನೋಡಿಯೇ ಪ್ರೇಮಾನಂದ ಬೋಟು ತಿರುಗಿಸುತ್ತಿದ್ದ. ಅಂಥವನಿಗೆ ಕಳೆದ ವರ್ಷ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಎಡಗೈ ಮಾತ್ರ ಅಷ್ಟಿಷ್ಟು ಆಡುತ್ತದೆ. ನೀರು ನೋಡದೆ ಇವನು ಹೇಗಿದ್ದಾನು ಎಂದು ಪ್ರೇಮಾನಂದನೇ ಮಂಚದ ಎದುರು ಗಾಜಿನ ತೊಟ್ಟಿ ಇಟ್ಟು ಎರಡು ಏಂಜೆಲ್ ಬಿಟ್ಟ. ಮಂಜ ಹಗಲಿಡೀ ಅವನ್ನೇ ನೋಡುತ್ತ ಸಮಾಧಾನವಾಗಿದ್ದ. ಇನ್ನಷ್ಟು ಗೆಲುವಾಗಲಿ ಎಂದು ಟೈಗರ್ ಹಾಕಿದ್ದು ಹೋದ ವಾರ.

ಇವತ್ತು ಸಂಜೆ ಮಂಜನ ಹೆಂಡತಿ ಗುಲಾಬಿಯ ಫೋನು ಬಂತು.

"ಪ್ರೇಮಣ್ಣ, ಒಂಚೂರ್ ಬನಿ. ಇವ್ರಿಗ್ ಎಂತೋ ಆಯ್ತ್. ಗಂಜಿ ಮುಟ್ಟುದಿಲ್ಲೆ, ಕಣ್ಣೀರ್ ಹಾಕ್ತ್ರ್, ಮಂಚಕ್ಕೆ ಗುದ್ತ್ರ್."

ಅವನು ಶಟರ್ ಎಳೆದು ಸ್ಕೂಟರ್ ಹತ್ತಿದ.

ಮನೆಯಲ್ಲಿ ಮಗ ಪ್ರವೀಣ್, ಗಂಗೊಳ್ಳಿಯಿಂದ ಮೀನಿನ ಲಾರಿ ಓಡಿಸುವವನು, ಮಂಚದ ಪಕ್ಕ ನಿಂತಿದ್ದ. ಮಂಜನ ಮುಖ ಕೆಂಪೇರಿತ್ತು. ಗಂಟಲಿನಿಂದ ಒಂದೇ ಸಮನೆ ಒಡಕು ಸದ್ದು ಬರುತ್ತಿತ್ತು.

"ಅಪ್ಪಯ್ಯಂಗ್ ತಲಿ ಸಮ ಇಲ್ಲೆ ಮಾವ," ಎಂದ ಪ್ರವೀಣ್, ಅಪ್ಪನ ಎದುರಿಗೇ. "ಡಾಕ್ಟ್ರ್ ನಿದ್ರಿ ಮಾತ್ರಿ ಕೊಟ್ಟಿರ್. ಇವತ್ತಿಂದ ಮಲ್ಗ್ಸುದೇ. ಈ ತೊಟ್ಟಿ ಕಂಡ್ರೇ ಹುಚ್ಚ್ ಏರುದ್. ನಾಳಿ ನಾನೇ ನಿಮ್ ಅಂಗ್ಡಿಗ್ ತಂದ್ ಹಾಕ್ತೆ."

ಪ್ರೇಮಾನಂದ ಮಂಜನ ಕಣ್ಣನ್ನೇ ನೋಡಿದ. ಮಂಜ ಹೋಗಿಯೇಬಿಟ್ಟನೇ? ಇಷ್ಟು ವರ್ಷ ನೀರಿನಾಳ ಕಂಡ ಆ ಕಣ್ಣಿನ ಹಿಂದೆ ಈಗ ಯಾರೂ ಇಲ್ಲವೇ? ಇದ್ದರೂ, ಮಾತ್ರೆ ನುಂಗಿಸಿ ಮಲಗಿಸಿಬಿಟ್ಟ ಮೇಲೆ ಇದ್ದಾನೆಂದು ಯಾರಿಗೆ ಗೊತ್ತಾಗಬೇಕು? ಬದುಕಿರುವವನ ಮುಂದೆ ಸತ್ತವನ ಮಾತಾಡಿದ ಹಾಗೆ ಮಾತಾಡುವ ಈ ಹುಡುಗನಿಗೆ ನಾಲ್ಕು ಬಿಗಿಯಬೇಕೆನಿಸಿತು.

ಸುಮ್ಮನೆ ನಿಲ್ಲಲಾರದೆ ಪ್ರೇಮಾನಂದ ತೊಟ್ಟಿಯ ಹತ್ತಿರ ಹೋದ. ಟೈಗರ್‌ಗಳೆಲ್ಲ ಗಾಜಿನ ಮುಂದಕ್ಕೆ ಓಡಿಬಂದು, ತಿಂಡಿಗಾಗಿ ಬಾಯಿ ಬಿಡುತ್ತ ನಿಂತವು, ಪರಮ ಸಾಧುಗಳು. ಏಂಜೆಲ್‌ಗಳು ಮಾತ್ರ ಮೂಲೆಯಲ್ಲಿ ವಾಲಿಕೊಂಡಿದ್ದವು. ರೆಕ್ಕೆಗಳು ಹಳೇ ಬಲೆಯ ಹಾಗೆ ಹರಿದಿದ್ದವು. ರೆಕ್ಕೆ ಕೊಳೆಯುವ ರೋಗವಿರಬೇಕೆಂದು ಗುಲಾಬಿಯಿಂದ ಕಲ್ಲುಪ್ಪು ಕೇಳಿ ನೀರಿಗೆ ಹಾಕಿದ. ಹಿಂದೆ ಮಂಜನ ಸದ್ದು ಇನ್ನೂ ಜೋರಾಯಿತು. ದಡ್ ಎಂದು ಮಂಚಕ್ಕೆ ಗುದ್ದು ಬಿತ್ತು.

"ಕಂಡ್ರ್ಯಾ? ತೊಟ್ಟಿ ಹತ್ರ ಹೋರೆ ಸಾಕ್," ಎಂದ ಪ್ರವೀಣ್. ಗುಲಾಬಿ ಮಾತ್ರೆಯನ್ನೂ ನೀರಿನ ಲೋಟವನ್ನೂ ಹಿಡಿದು ಬಂದಳು.

ಪ್ರೇಮಾನಂದ ಕೈ ಅಡ್ಡ ಹಿಡಿದ. "ತಡಿ ಗುಲಾಬಿ. ನಾ ಒಂಚೂರ್ ಇವ್ನ್ ಒಟ್ಟಿಗ್ ಇರ್ತೆ. ಆಮೇಲ್ ಕೊಡ್."

ಅವರು ಹೊರಗೆ ಹೋದರು. ಏನು ಮಾಡಬೇಕೆಂದು ತಿಳಿಯದೆ ಅವನು ಮಂಚದ ಅಂಚಿನಲ್ಲಿ, ಮಂಜನ ಪಕ್ಕದಲ್ಲೇ ಮಲಗಿಬಿಟ್ಟ. ಬಲೆ ಎಳೆದು ಸೋತಾಗ ಬೋಟಿನಲ್ಲಿ ಇಬ್ಬರೂ ಹೀಗೆಯೇ ಬಿದ್ದುಕೊಳ್ಳುತ್ತಿದ್ದರು. ಮಂಜನ ಹಾಗೆಯೇ ತೊಟ್ಟಿಯ ಕಡೆ ನೋಡಿದ. ಕೋಣೆಯಲ್ಲಿ ಯಾರೂ ನಿಂತಿರಲಿಲ್ಲ, ಯಾರೂ ಅಲುಗಾಡುತ್ತಿರಲಿಲ್ಲ.

ಆಗ ಟೈಗರ್‌ಗಳು ಗಾಜನ್ನು ಬಿಟ್ಟು ತಿರುಗಿದವು. ಮೊದಲು ಒಂದು, ಅದರ ಬೆನ್ನಿಗೆ ಉಳಿದವು. ಮೂಲೆಗೆ ನುಗ್ಗಿ ಏಂಜೆಲ್‌ನ ರೆಕ್ಕೆಯನ್ನು ಕಚ್ಚಿ, ಜಗ್ಗಿ, ಹಾರಿ ಓಡಿದವು. ಮತ್ತೆ ಬಂದವು. ನುಂಗುವ ಮಾತೇ ಇಲ್ಲ. ಬರೀ ಕಚ್ಚುವುದೇ ಆಟ. ಅದೇ ಹೊತ್ತಿಗೆ ಪ್ರೇಮಾನಂದನ ಕಣ್ಣೆದುರು ಮಂಜನ ಎಡಗೈ ಮೇಲೆದ್ದಿತು. ಬೆರಳು ಬಿಚ್ಚಿತು, ಮುಷ್ಟಿ ಕಟ್ಟಿತು, ತಾಕತ್ತು ಸಾಲದೆ ದಡ್ ಎಂದು ಮಂಚಕ್ಕೆ ಬಿತ್ತು.

ಪ್ರೇಮಾನಂದ ದಡಕ್ಕನೆ ಎದ್ದು ಕುಳಿತ. ಅದು ಗುದ್ದಲ್ಲ. ಕೈ ಎತ್ತಿ ಮುಷ್ಟಿ ಕಟ್ಟಿದರೆ ಬೋಟಿನಲ್ಲಿ ಒಂದೇ ಅರ್ಥ: ಬಲೆ ಬಿಡು, ಮೀನು ಹಿಡಿ.

ಇವನು ವಾರದಿಂದ ಅದನ್ನೇ ಹೇಳುತ್ತಿದ್ದ! ಎದ್ದು ಹೋಗಿ ನೋಡಿದವರಿಗೆಲ್ಲ ತಿಂಡಿ ಬೇಡುವ ಸಾಧುಗಳೇ ಕಂಡದ್ದು. ಏಳಲಾರದೆ ಬಿದ್ದಿದ್ದವನಿಗೆ ಮಾತ್ರ ಕಳ್ಳರು ಕಂಡಿದ್ದರು. ಸಗಟು ವ್ಯಾಪಾರಿಯ ಮಾತು ನೆನಪಾಗಿ ಪ್ರೇಮಾನಂದನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಬಾಯಿ ನೋಡು ಎಂದು ಊರಿಗೆಲ್ಲ ಹೇಳಿದವನು ಕೈ ನೋಡುವುದನ್ನೇ ಮರೆತಿದ್ದ.

"ತಪ್ಪಾಯ್ತ್ ಮಾರಾಯಾ," ಎಂದ ಮಂಜನ ಕಿವಿಯ ಬಳಿ. "ನಂದೇ ತಪ್ಪ್. ಬಲೆ ಬಿಡ್ತೆ, ಈಗಳೇ ಬಿಡ್ತೆ."

ಗಂಟಲಿನ ಸದ್ದು ನಿಂತಿತು.

"ಹ್ವಾಯ್ ಪ್ರವೀಣ! ಬಕೆಟ್ ತಾ. ಸ್ಕೂಟರಂಗ್ ಸಣ್ಣ ಬಲೆ ಇತ್ತ್, ಅದನ್ನೂ ತಾ."

"ಎಂತಕೆ ಮಾವ?"

"ನಿನ್ ಅಪ್ಪಯ್ಯ ಹೇಳ್ತಾ ಇದ್ದ."

ತಾಂಡೇಲನಿಗೂ ತಲೆ ಕೆಟ್ಟಿತೆಂಬಂತೆ ನೋಡಿದ ಪ್ರವೀಣ್, ಆದರೂ ತಂದುಕೊಟ್ಟ. ಟೈಗರ್ ಹಿಡಿಯುವುದು ಸುಲಭವಲ್ಲ; ಬೆನ್ನಟ್ಟಿ ನೀರು ಕಲಕಿದರೆ ಸೋತಿರುವ ಏಂಜೆಲ್‌ಗಳು ಹೆದರಿಕೆಗೇ ಸತ್ತಾವು. ಪ್ರೇಮಾನಂದ ತೊಟ್ಟಿಯ ಪಕ್ಕ ನಿಂತು, ಬಲೆಯನ್ನು ನೀರಿಗಿಳಿಸಿ, ಕಣ್ಣನ್ನು ಮಂಜನ ಕೈಯಲ್ಲಿಟ್ಟ. ಕೈ ಎಡಕ್ಕೆ ವಾಲಿತು. ಬಲೆ ಎಡಕ್ಕೆ ಸರಿಯಿತು. ಅಂಗೈ ಕೆಳಮುಖವಾಯಿತು, ಬಲೆ ನಿಂತಿತು. ಉಸಿರು ಬಿಗಿಹಿಡಿದು ಕಾದ. ಮುಷ್ಟಿ ಕಟ್ಟಿತು. ಎತ್ತಿದ. ಬಲೆಯಲ್ಲಿ ಟೈಗರ್ ಪಟಪಟನೆ ಒದ್ದಾಡಿತು.

ಹೀಗೆ ಒಂದೊಂದೇ ಬಕೆಟ್ಟಿಗೆ ಬಿತ್ತು. ಪ್ರವೀಣ್ ಬಕೆಟ್ ಹಿಡಿದು ನೋಡುತ್ತಿದ್ದ. ಕಡೆಗೆ ತೊಟ್ಟಿಯೊಳಗೆ ಬಗ್ಗಿ ನೋಡಿ, "ಮುಗೀತ್ ಮಾವ, ಒಂದೂ ಇಲ್ಲೆ," ಎಂದು ಬಕೆಟ್ಟಿಗೆ ಮುಚ್ಚಳ ಹಾಕಿದ. ಪ್ರೇಮಾನಂದನಿಗೂ ಏನೂ ಕಾಣಲಿಲ್ಲ. ಆದರೆ ಮಂಜನ ಕೈ ಇಳಿದಿರಲಿಲ್ಲ. ಗಾಳಿಯಲ್ಲೇ ನಿಂತಿತ್ತು.

ಪ್ರವೀಣ್ ಆ ಕೈಯನ್ನೇ ನೋಡಿದ. ಲಕ್ವ ಹೊಡೆದಂದಿನಿಂದ ಆ ಮನೆಯಲ್ಲಿ ಮಂಜನಿಗೆ ಉಣಿಸಿದ್ದರು, ಒರೆಸಿದ್ದರು, ಮಗ್ಗುಲು ಬದಲಿಸಿದ್ದರು. ಅವನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಪ್ರವೀಣ್ ಪ್ರೇಮಾನಂದನ ಕೈಯಿಂದ ಬಲೆ ತೆಗೆದುಕೊಂಡು ಮಂಚದ ಪಕ್ಕ ಮಂಡಿಯೂರಿದ.

"ಅಪ್ಪಯ್ಯ," ಎಂದ, "ಎಲ್ಲಿತ್ತ್?"

ಕೈ ಬಲಕ್ಕೆ, ತೊಟ್ಟಿಯ ನೀರು ಸೋಸುವ ಫಿಲ್ಟರಿನ ಕಡೆಗೆ ಚಾಚಿತು. ಪ್ರವೀಣ್ ಎದ್ದು ಹೋಗಿ ಫಿಲ್ಟರನ್ನು ಮೆಲ್ಲಗೆ ಸರಿಸಿದ. ಹಿಂದೆ ಅಡಗಿದ್ದ ಕೊನೆಯ ಟೈಗರ್ ಹೊರಬಂತು. ಬಾಗಿಲಲ್ಲಿದ್ದ ಗುಲಾಬಿ ಮಾತ್ರೆಯನ್ನು ಅಲ್ಲೇ ಇಟ್ಟು, ಕಣ್ಣೊರೆಸಿಕೊಂಡು, ಗಂಜಿ ಬಿಸಿ ಮಾಡಲು ಒಳಗೆ ಹೋದಳು.

ಪ್ರವೀಣ್ ಬಲೆಯನ್ನು ನೀರಿಗಿಳಿಸಿದ. ಮೀನನ್ನು ನೋಡಲಿಲ್ಲ. ಅಪ್ಪ ಮುಷ್ಟಿ ಕಟ್ಟುವುದನ್ನೇ ಕಾಯುತ್ತ ನಿಂತ.