ಯಾವ ಕಡೆಯೂ ಅಲ್ಲದವನು ಮ್ಯಾಚಿಗೆ ಹೋದದ್ದು

ಅಮೆರಿಕದ ಮಾರಿಸ್‌ಟೌನಿನಿಂದ ಉರುಗ್ವೆಯವರ ಫುಟ್‌ಬಾಲ್ ಮ್ಯಾಚ್ ನೋಡಲು ಹೊರಟಿದ್ದೆ. ಟ್ರೈನಿನಲ್ಲಿ ನನ್ನೆದುರಿಗೆ ಉರುಗ್ವೆಯವರೇ ಆದ ಅಣ್ಣತಮ್ಮ ಕೂತಿದ್ದರು. ಇಬ್ಬರ ಮೈಮೇಲೂ ಅದೇ ತಿಳಿನೀಲಿ ಜೆರ್ಸಿ, ಬಾಯಲ್ಲಿ ಮಾತ್ರ ಅಮೆರಿಕದ ರಾಜಕೀಯ. ಅಣ್ಣ ಗಡಿಗೆ ಬೇಲಿ ಹಾಕಬೇಕು ಅಂದರೆ ತಮ್ಮ ಬಾಗಿಲು ತೆಗೆಯಬೇಕು ಅನ್ನುತ್ತಿದ್ದ.

ಸುಮ್ಮನಿರಲು ನನಗೆ ಬರುವುದಿಲ್ಲ. ಪಕ್ಕದೂರು ಪಾರ್ಸಿಪನಿಯ ನನ್ನ ಆಫೀಸಿನಲ್ಲಿ ಲಂಚ್ ಹೊತ್ತಿಗೆ ದಿನಾ ಹೇಳುವುದನ್ನೇ ಇಲ್ಲೂ ಹೇಳಿದೆ. "ನೋಡಿ, ಇಬ್ಬರ ಮಾತಲ್ಲೂ ನಿಜ ಇದೆ."

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. "ಅದಿರಲಿ, ಇವತ್ತು ನೀವು ಯಾರ ಕಡೆ?" ಅಂದ ಅಣ್ಣ.

"ಯಾರ ಕಡೆಯೂ ಅಲ್ಲ. ಒಳ್ಳೆ ಆಟ ನೋಡಬೇಕು, ಅಷ್ಟೇ."

"ಹಾಗಾದ್ರೆ ಯಾರು ಸೋತರೂ ನಿಮಗೇನೂ ಆಗಲ್ವಾ?" ಅಂದ ತಮ್ಮ.

"ಏನೂ ಆಗಲ್ಲ."

ಅಯ್ಯೋ ಪಾಪ ಅನ್ನುವ ಹಾಗೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ದಿನ ಅವರಿಬ್ಬರೂ ಒಪ್ಪಿಕೊಂಡ ಮೊದಲ ವಿಷಯ ನಾನೇ.

ವಾಪಸ್ ಬರುವಾಗ ಮತ್ತೆ ಅದೇ ಡಬ್ಬಿಯಲ್ಲಿ ಸಿಕ್ಕರು. ಅವರ ತಂಡ ಸೋತಿತ್ತು. ಬೇಲಿಯವನು ಬಾಗಿಲಿನವನ ಹೆಗಲಿಗೆ ತಲೆಯಿಟ್ಟು ಮಗುವಿನ ಹಾಗೆ ಅಳುತ್ತಿದ್ದ. ತಮ್ಮ ಅವನ ಬೆನ್ನು ಸವರುತ್ತಾ ತಾನೂ ಅಳುತ್ತಿದ್ದ. ಒಳ್ಳೆ ಆಟ ನೋಡಿಬಂದ ನಾನು ಎದುರಿಗೆ ಒಣಗಣ್ಣಲ್ಲಿ ಕೂತಿದ್ದೆ. ಗೆದ್ದವರನ್ನು ಕಂಡರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ನನಗೆ ಉರಿದದ್ದು ಸೋತ ಇವರನ್ನು ಕಂಡು.

ಮನೆಗೆ ಬಂದವನೇ ಆನ್‌ಲೈನಿನಲ್ಲಿ ನಾನೂ ಒಂದು ಜೆರ್ಸಿ ಕೊಳ್ಳಲು ಕೂತೆ. ಎರಡೂ ತಂಡದವು ಇನ್ನೂ ಕಾರ್ಟಿನಲ್ಲೇ ಇವೆ.