ಟಿ-ರೆಕ್ಸ್ ಯಾರ ಪೈಕಿ?

ಕಳೆದ ವಾರ ನಮ್ಮ ಮನೆಯಲ್ಲಿ ಜೋರು ಜಗಳ. ಹೊಲದ ಬದುವಿಗಲ್ಲ, ಅತ್ತೆ-ಸೊಸೆಯದೂ ಅಲ್ಲ. ಡೈನೋಸಾರಿನ ಜಾತಿ ಯಾವುದು ಎಂಬುದರ ಮೇಲೆ.

ನಗಬೇಡಿ. ಸಿಂಧನೂರಿನಲ್ಲಿ ಮಗುವನ್ನು ಯುಕೆಜಿಗೆ ಹಾಕಿ ನೋಡಿ, ಆಮೇಲೆ ನಗಿ. ನಮ್ಮ ಕಾಲದ ಬಾಲವಾಡಿಯಲ್ಲಿ ಉಪ್ಪಿಟ್ಟು ತಿಂದು ಮಲಗಿದರೆ ಅದೇ ಸಿಲೆಬಸ್. ಈಗ ಪ್ರತಿ ವಾರಕ್ಕೊಂದು ಥೀಮ್. ಮಗಳು ನಿಧಿಯ ಕ್ಲಾಸಿಗೆ ಬಂದದ್ದು ಡೈನೋಸಾರ್ ವಾರ. ಸೋಮವಾರ ಗೋಧಿ ಹಿಟ್ಟು ನಾದಿ ಡೈನೋಸಾರ್ ಮೊಟ್ಟೆ ಮಾಡಿದರು. (ಮರುದಿನ ಬೆಳಿಗ್ಗೆ ಇರುವೆಗಳು ಅವಕ್ಕೆ ಮುತ್ತಿಕೊಂಡಿದ್ದವು. ಡೈನೋಸಾರ್ ಸಂತತಿ ಹೇಗೆ ನಿರ್ನಾಮವಾಯಿತು ಎಂಬುದಕ್ಕೆ ಪ್ರತ್ಯಕ್ಷ ಪಾಠ!) ಮಂಗಳವಾರ ಮರಳಲ್ಲಿ ಪ್ಲಾಸ್ಟಿಕ್ ಎಲುಬು ಹೂತಿಟ್ಟು, ಮಕ್ಕಳ ಕೈಗೆ ಬ್ರಷ್ ಕೊಟ್ಟು ಹುಡುಕಿಸಿದರು. ಶುಕ್ರವಾರ ಮೆರವಣಿಗೆ. ಒಬ್ಬೊಬ್ಬರೂ ಒಂದೊಂದು ಡೈನೋಸಾರಿನ ಮುಖವಾಡ ಕಟ್ಟಿಕೊಂಡು ಸ್ಟೇಜ್ ಏರಿ, ಇಂಗ್ಲಿಷಿನಲ್ಲಿ ಎರಡು ಮಾತು ಹೇಳಬೇಕು.

ನಿಧಿಗೆ ಟಿ-ರೆಕ್ಸೇ ಆಗಬೇಕು. ಅದೇ, ದೊಡ್ಡ ಬಾಯಿ, ಗಿಡ್ಡ ಕೈ, ಎದುರಿಗೆ ಬಂದದ್ದನ್ನೆಲ್ಲ ತಿನ್ನುವಂಥದ್ದು. ಮೊಣಕೈಗಳನ್ನು ಪಕ್ಕೆಗೆ ಅಂಟಿಸಿಕೊಂಡೇ ಮನೆಯೆಲ್ಲ ಓಡಾಡಿದಳು. ಹಾಲಿನವನಿಗೆ ಗುರ್ರೆಂದಳು. ಆದರೆ ಬುಧವಾರ ಸಂಜೆ ಅವಳ ಕೈಯಲ್ಲಿದ್ದದ್ದು ಹಸಿರು ಮುಖವಾಡ. ಉದ್ದ ಕುತ್ತಿಗೆಯ, ಸೊಪ್ಪು ತಿನ್ನುವ ಡೈನೋಸಾರ್. ಅದನ್ನು ಬಾಗಿಲಲ್ಲೇ ಬಿಸಾಕಿ ಅತ್ತಳು. ಊಟಕ್ಕೆ ಕರೆದರೆ ಬರಲಿಲ್ಲ.

ನಾನು ಗುರುಗುಂಟಾ, ಮುದಗಲ್, ಮಸ್ಕಿ ಸುತ್ತಿ ಸೈಕಲ್ ಮೇಲೆ ಸ್ಟೀಲ್ ಪಾತ್ರೆ ಮಾರಿ ಅಂಗಡಿ ಕಂಡವನು. ತೂತು ಬಿದ್ದ ಕೊಡ ತಂದವರಿಗೂ ಹೊಸ ಕೊಡ ಕೊಟ್ಟು ನಗಿಸಿ ಕಳಿಸಿದ್ದೇನೆ. ಒಂದು ರಟ್ಟಿನ ಮುಖವಾಡ ಎಕ್ಸ್‌ಚೇಂಜ್ ಮಾಡಿಸಲಾರೆನೇ? ಮಿಸ್‌ಗೆ ಫೋನ್ ಹಚ್ಚಿದೆ.

ಮಿಸ್ ಲಿಂಗಸುಗೂರಿನವಳು. ಕೆಲಸಕ್ಕೆ ಹೊಸಬಳು, ಪಾಪದ ಹುಡುಗಿ. "ಸರ್, ನಿಮ್ಮನ್ಯಾಗ ತಿನ್ನಂಗಿಲ್ಲಲ್ರೀ. ಅದಕ್ಕ ಗಿಡ ತಿನ್ನೂದು ಕೊಟ್ಟೀನ್ರಿ" ಎಂದಳು.

ಹಿಂದೊಮ್ಮೆ ಬಣ್ಣ ಹಚ್ಚಲು ಕೋಳಿಯ ಚಿತ್ರ ಕೊಟ್ಟಿದ್ದಕ್ಕೇ ಯಾರದೋ ತಾಯಿ ಶಾಲೆಗೆ ಬಂದು ಕೂಗಾಡಿದ್ದರಂತೆ. ಹಾಗಾಗಿ ಈ ಸಲ ಮುಂಜಾಗ್ರತೆ. ಯಾರ ಮನೆಯ ಒಲೆಯ ಮೇಲೆ ಏನು ಬೇಯುತ್ತದೋ, ಅವರ ಮಗುವಿಗೆ ಅದನ್ನೇ ತಿನ್ನುವ ಡೈನೋಸಾರ್. ನಾನು ಹೊಟ್ಟೆ ಹಿಡಿದು ನಕ್ಕೆ.

ಆದರೆ ನಮ್ಮ ಅವ್ವನಿಗೆ ನಗು ಬರಲಿಲ್ಲ. ಮಿಸ್ ಮಾಡಿದ್ದೇ ಸರಿ ಎಂದಳು. ಟಿ-ರೆಕ್ಸ್ ಆದವರು 'ಐ ಈಟ್ ಮೀಟ್' ಎನ್ನಬೇಕು ಎಂಬುದನ್ನೂ, ಹಾಗೆಂದರೆ ಏನು ಎಂಬುದನ್ನೂ ಅದಾಗಲೇ ಪಕ್ಕದ ಮನೆಯಲ್ಲಿ ಕೇಳಿ ತಿಳಿದಿದ್ದಳು. ಲಿಂಗ ಕಟ್ಟಿಸಿದ ಕೂಸಿನ ಬಾಯಲ್ಲಿ ಅಂಥ ಮಾತು ಬಂದರೆ ತಾನೇ ಸ್ಟೇಜ್ ಹತ್ತುತ್ತೇನೆ ಎಂದು ಧಮಕಿ ಬೇರೆ.

ಅವ್ವಾ, ಡೈನೋಸಾರ್ ಇದ್ದಾಗ ಮನುಷ್ಯರೇ ಇರಲಿಲ್ಲ, ಇನ್ನು ಜಾತಿ ಎಲ್ಲಿಯದು ಎಂದೆ.

"ಆವಾಗ ಇರಲಿಲ್ಲಂದ್ರ ಏನಾತು? ಈಗ ಅದಾವಲ್ಲ" ಎಂದಳು.

ಇದಕ್ಕೆ ನಿಮ್ಮ ಬಳಿ ಉತ್ತರವಿದ್ದರೆ ತಿಳಿಸಿ.

ಗುರುವಾರ ಶಾಲೆಗೇ ಹೋದೆ. ನನಗಿಂತ ಮೊದಲು ಅಲ್ಲಿ ಬ್ಯಾಂಕಿನ ಸರ್ ನಿಂತಿದ್ದರು. ನಮ್ಮ ಹಿಂದಿನ ಲೇಔಟಿನವರು. ಪಡಸಾಲೆಯಲ್ಲಿ ಬುದ್ಧನ ಫೋಟೋ ಇಟ್ಟವರು. ನಮ್ಮ ಓಣಿಯವರು ಸಾಲಕ್ಕಾಗಿ ಅವರ ಟೇಬಲ್ ಮುಂದೆ ಕೈಕಟ್ಟಿ ನಿಲ್ಲುತ್ತಾರೆ, ಅವರ ಮನೆಯಲ್ಲಿ ನೀರು ಕುಡಿಯಲು ಮಾತ್ರ ಇವತ್ತಿಗೂ ವಿಚಾರ ಮಾಡುತ್ತಾರೆ. ಅವರ ಮಗ ಗೌತಮನಿಗೆ ಟಿ-ರೆಕ್ಸ್ ಬಂದಿತ್ತು.

ಅವರು ದನಿ ಏರಿಸಲಿಲ್ಲ. "ನನ್ನ ಮಗಾ ಏನ್ ತಿಂತಾನಂತ ಅವನ್ನ ಕೇಳಿದ್ರೇನ್ರಿ ಮಿಸ್?"

"ಇಲ್ರಿ ಸರ್."

"ಮತ್ತ ನಿಮಗ ಹೆಂಗ ಗೊತ್ತಾತು?"

ಮಿಸ್ ನೆಲ ನೋಡಿದಳು. ನಾನು ಗೋಡೆಯ ಮೇಲಿನ ಎಬಿಸಿಡಿ ನೋಡಿದೆ. (ಹಿಂದಿನ ದಿನ ಫೋನಿನಲ್ಲಿ ನಕ್ಕವನು ನಾನೇ. ಅದನ್ನು ಅಲ್ಲಿ ಹೇಳಲು ಬಾಯಿ ಬರಲಿಲ್ಲ.)

ಆಮೇಲೆ ತಿಳಿದದ್ದು ಇಷ್ಟು. ಗೌತಮ ಮೊಟ್ಟೆಯ ವಾಸನೆಗೇ ತಟ್ಟೆ ಬಿಟ್ಟು ಏಳುವ ಹುಡುಗ. ಮೊಸರನ್ನ ಬಿಟ್ಟರೆ ಬೇರೇನೂ ಗಂಟಲಲ್ಲಿ ಇಳಿಯುವುದಿಲ್ಲ. ಗುರ್ ಎನ್ನಲೂ ನಾಚಿಕೆ. ಅವನಿಗೆ ಬೇಕಾದದ್ದು ಉದ್ದ ಕುತ್ತಿಗೆಯದು!

ವ್ಯಾಪಾರದಲ್ಲಿ ಇಂಥ ಗಳಿಗೆ ಅಪರೂಪ. ಇವರಿಗೆ ಬೇಡದ್ದು ಅವರಿಗೆ ಬೇಕು, ಅವರಿಗೆ ಬೇಡದ್ದು ಇವರಿಗೆ. ಬ್ಯಾಂಕಿನ ಸರ್ ಒಪ್ಪಿದರು, ಮಿಸ್ ಮಾತ್ರ ಹಿಂಜರಿದಳು. ನಿಮ್ಮ ತಾಯಿಯವರು ಬಂದು ಕೇಳಿದರೆ ಏನು ಹೇಳಲಿ ಎಂದಳು. ಅದು ನನಗೆ ಬಿಡಿ ಎಂದೆ.

ಇಲ್ಲೊಂದು ಪುಕ್ಕಟೆ ಸಲಹೆ. ಗಟ್ಟಿ ಗಿರಾಕಿಯನ್ನು ಒಮ್ಮೆಗೇ ಒಪ್ಪಿಸಲು ಹೋಗಬೇಡಿ. ಯಾವುದು ಚುಚ್ಚುತ್ತಿದೆ ನೋಡಿ, ಅದೊಂದನ್ನೇ ಕಿತ್ತುಹಾಕಿ. ಅವ್ವನಿಗೆ ಚುಚ್ಚುತ್ತಿದ್ದದ್ದು 'ಮೀಟ್'. ಹಾಗಾದರೆ ಯಾರೂ ತಾವು ತಿನ್ನುವುದನ್ನು ಹೇಳುವುದೇ ಬೇಡ, ನಿಧಿ 'ಐ ಆಮ್ ದಿ ಕಿಂಗ್' ಎನ್ನಲಿ ಎಂದು ಮಿಸ್‌ಗೆ ಹೇಳಿ ಬಂದು, ಹೊಸ ಮಾತನ್ನು ಅವ್ವನ ಮುಂದಿಟ್ಟೆ.

"ಹಂಗಂದ್ರ?"

ರಾಜ ಎಂದೆ.

ಅವ್ವನ ಮುಖ ಅರಳಿತು. "ರಾಜ ಅಂದ್ರ ನಡೀತೈತಿ ಬಿಡು. ರಾಜ ಏನ್ ತಿಂದ್ರೂ ಯಾರ್ ಕೇಳ್ತಾರ?"

ಇಷ್ಟು ವರ್ಷದ ರಾಜಕೀಯ ಭಾಷಣಗಳಿಂದ ನನಗೆ ತಿಳಿಯದ್ದು ಒಂದೇ ಮಾತಿನಲ್ಲಿ ತಿಳಿಯಿತು.

ಶುಕ್ರವಾರ ಮೊದಲು ಬಂದವನು ಗೌತಮ. ಹಸಿರು ಮುಖವಾಡದಲ್ಲಿ ಖುಷಿಯೋ ಖುಷಿ. ಆ ಹುಮ್ಮಸ್ಸಿನಲ್ಲಿ ಕೈಯಲ್ಲಿದ್ದ ಬೇವಿನ ಸೊಪ್ಪನ್ನು ನಿಜಕ್ಕೂ ಅಗಿದು, ಮುಖ ಕಿವುಚಿ ಥೂ ಎಂದು ಉಗುಳಿದ. ಬ್ಯಾಂಕಿನ ಸರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕೊನೆಗೆ ನಿಧಿ. ಮೊಣಕೈ ಪಕ್ಕೆಗೆ, ಹೆಜ್ಜೆ ಧಪ್ ಧಪ್. "ಐ ಆಮ್ ಟಿ-ರೆಕ್ಸ್. ಐ ಆಮ್ ದಿ ಕಿಂಗ್." ಚಪ್ಪಾಳೆ ಬಿತ್ತು. ಅಲ್ಲಿಗೆ ಇಳಿದು ಬರಬೇಕಿತ್ತು. ಚಪ್ಪಾಳೆ ರುಚಿ ಹತ್ತಿತೋ ಏನೋ, ಮೈಕ್ ಬಿಡಲಿಲ್ಲ.

"ನಾ ಎಲ್ಲಾರ್ನೂ ತಿಂತೀನಿ. ಮಿಸ್‌ನೂ ತಿಂತೀನಿ, ಗೌತಮನ್ನೂ ತಿಂತೀನಿ, ನಮ್ಮ ಅಜ್ಜೀನೂ ತಿಂತೀನಿ."

ಮಿಸ್ ಮುಖ ಬಿಳಿಚಿಕೊಂಡಿತು. ಅಪ್ಪ-ಅಮ್ಮಂದಿರೆಲ್ಲ ಮುಂದಿನ ಸಾಲಿನಲ್ಲಿದ್ದ ಅವ್ವನ ಕಡೆ ತಿರುಗಿದರು. ಅವ್ವ ಸೆರಗು ಸರಿ ಮಾಡಿಕೊಂಡು ನನಗೆ ಹೇಳಿದಳು: "ಮೊದಲ ಮನ್ಯಾಗ ರೊಟ್ಟಿ ತಿನ್ನಾಕ ಹೇಳಾಕಿಗೆ. ಆಮ್ಯಾಲ ಮಂದೀನ ತಿನ್ನಲಿ."

ಹಿಂದೆ ಕೂತಿದ್ದ ಬ್ಯಾಂಕಿನ ಸರ್ ಮತ್ತೆ ನಕ್ಕರು. ಅವ್ವ ತಿರುಗಿ ನೋಡಿ ತಾನೂ ನಕ್ಕಳು.

ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲು ನಮ್ಮೂರಿಗೆ ಟಿ-ರೆಕ್ಸೇ ಬರಬೇಕಾಯಿತೇ?